ಕಾಲು ಡಾಲರಿನ ಮೇಲೆ ಬೆಟ್ಟ, ಕೆರೆ, ಕಣಿವೆ: ಈ ಚಿಲ್ಲರೆಯಲ್ಲಿ ಅಂಥದ್ದೇನಿದೆ?

ಪ್ರಶ್ನೆ: ನಮ್ಮ ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಹೋದ ಬೇಸಿಗೆಯಲ್ಲಿ ಊರಿಗೆ ಬಂದಾಗ ಬಿಸ್ಕತ್ತಿನ ಡಬ್ಬಿ ತುಂಬ ಅಲ್ಲಿನ ಕಾಲು ಡಾಲರ್ ನಾಣ್ಯಗಳನ್ನು ತಂದುಕೊಟ್ಟರು. ಒಂದೊಂದರ ಹಿಂದೆ ಒಂದೊಂದು ಚಿತ್ರ. ಬೆಟ್ಟ, ಸರೋವರ, ಸೇತುವೆ, ದೀಪಸ್ತಂಭ. ಮೊಮ್ಮಗ ಅವನ್ನು ಹರಡಿಕೊಂಡು ಕೂತರೆ ಊಟಕ್ಕೂ ಏಳುವುದಿಲ್ಲ. ನಮ್ಮ ಮನೆಯವರು ಮಾತ್ರ ‘ಸುಮ್ನೆ ಚಿಲ್ಲರೆ, ಅದರಲ್ಲೇನಿದೆ’ ಅಂತಾರೆ. ಒಂದರ ಮೇಲೆ 1788 ಅಂತ ಬರೆದಿದೆ. ಅದು ಅಷ್ಟು ಹಳೆಯದಾ? ಇವಕ್ಕೆ ಬೆಲೆ ಬರುತ್ತಾ? ಜನ ಇವನ್ನು ಯಾಕೆ ಕೂಡಿಡುತ್ತಾರೆ? ನಮ್ಮ ದೇಶದ ನಾಣ್ಯಗಳಲ್ಲೂ ಇಂಥ ಸಂಗ್ರಹ ಮಾಡಬಹುದಾ?
– ಶಿಡ್ಲಘಟ್ಟದ ಓದುಗರು

ಉತ್ತರ: 1788ರ ವಿಷಯ ಮೊದಲು ಮುಗಿಸಿಬಿಡೋಣ. ಅದೇ ನಾಣ್ಯದ ಕೆಳಭಾಗ ನೋಡಿ. ಅಲ್ಲಿ 1999 ಅಂತಲೋ 2000 ಅಂತಲೋ 2001 ಅಂತಲೋ ಇರುತ್ತದೆ. ನಾಣ್ಯ ಅಚ್ಚಾದ ವರ್ಷ ಅದು. ಮೇಲಿರುವುದು ಆ ರಾಜ್ಯ ಅಮೆರಿಕದ ಒಕ್ಕೂಟಕ್ಕೆ ಸೇರಿದ ವರ್ಷ. ರಾಜ್ಯಕ್ಕೊಂದರಂತೆ ಬಂದ ಆ ಸರಣಿಯ ಎಲ್ಲ ನಾಣ್ಯಗಳಲ್ಲೂ ಹೀಗೆ ಎರಡು ಇಸವಿ ಇರುತ್ತವೆ. ‘ಇನ್ನೂರು ವರ್ಷ ಹಳೆಯ ನಾಣ್ಯ ಸಿಕ್ಕಿದೆ, ಎಷ್ಟಕ್ಕೆ ಹೋಗುತ್ತೆ’ ಅಂತ ನನ್ನನ್ನು ಕೇಳುವವರಲ್ಲಿ ಎಷ್ಟೋ ಜನ ಈ ಮೇಲಿನ ಇಸವಿ ನೋಡಿಯೇ ಬಂದಿರುತ್ತಾರೆ.

ಈಗ ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಸರಿ. ಇದು ಚಿಲ್ಲರೆಯೇ. ಆದರೆ ನನ್ನ ಪ್ರಕಾರ ಇದರ ಮಜಾ ಇರುವುದೂ ಅಲ್ಲೇ. ಅಂಗಡಿಯವನು ವಾಪಸ್ ಕೊಟ್ಟ ದುಡ್ಡಿನಲ್ಲಿ ಒಂದು ಸರೋವರ ಬರುತ್ತದೆ, ಒಂದು ಜಲಪಾತ ಬರುತ್ತದೆ. ಅದಕ್ಕೆ ನೀವು ಮುಖಬೆಲೆಗಿಂತ ಒಂದು ಪೈಸೆಯೂ ಜಾಸ್ತಿ ಕೊಟ್ಟಿಲ್ಲ. ಮುಂದಿನ ಸಲ ಯಾವುದು ಬರುತ್ತೆ ಅನ್ನುವುದು ಗೊತ್ತಿಲ್ಲ. ದುಡ್ಡಿದ್ದವನು ಇಡೀ ಸೆಟ್ ಒಂದೇ ದಿನ ಕೊಂಡುಬಿಡಬಹುದು, ನಿಜ. ಆದರೆ ಹಾಗೆ ಕೊಂಡವನಿಗೆ ಹುಡುಕಾಟ ಇಲ್ಲ. ನಿಮ್ಮ ಮೊಮ್ಮಗನಿಗೆ ಊಟ ಮರೆಸಿರುವುದು ಹುಡುಕಾಟವೇ ಅಲ್ವಾ?

ಅಮೆರಿಕದವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡು ಯೋಜನೆ ಮಾಡಿದರು. 1999ರಿಂದ 2008ರವರೆಗೆ ಹತ್ತು ವರ್ಷ, ವರ್ಷಕ್ಕೆ ಐದು ರಾಜ್ಯ. ಒಕ್ಕೂಟಕ್ಕೆ ಸೇರಿದ ಕ್ರಮದಲ್ಲೇ ನಾಣ್ಯಗಳು ಬಂದವು. ಮೊದಲು ಡೆಲವೇರ್, ಕೊನೆಗೆ ಹವಾಯಿ. ಸುಮಾರು ಹತ್ತು ವಾರಕ್ಕೊಂದು ಹೊಸ ಚಿತ್ರ. ಒಂದನ್ನು ಹುಡುಕಿ ಮುಗಿಸುವಷ್ಟರಲ್ಲಿ ಇನ್ನೊಂದು. 14.7 ಕೋಟಿ ಜನ ಈ ನಾಣ್ಯಗಳನ್ನು ಕೂಡಿಟ್ಟರು ಅಂತ ಅಲ್ಲಿನ ಟಂಕಸಾಲೆಯೇ ಅಂದಾಜು ಮಾಡಿತ್ತು. ಸರ್ಕಾರಕ್ಕೆ ಇದರಲ್ಲಿ ಲಾಭವೂ ಇತ್ತು. ಆಗ ನಾಣ್ಯ ಮಾಡುವ ಖರ್ಚು ಅದರ ಮುಖಬೆಲೆಗಿಂತ ತುಂಬಾ ಕಡಿಮೆ ಇತ್ತು. ಜನ ಅದನ್ನು ಖರ್ಚು ಮಾಡದೆ ಡಬ್ಬಿಗೆ ಹಾಕಿದರೆ ಆ ವ್ಯತ್ಯಾಸ ಖಜಾನೆಯಲ್ಲೇ ಉಳಿಯುತ್ತದೆ. ಲೆಕ್ಕ ಇಷ್ಟಪಡುವ ನಿಮ್ಮ ಯಜಮಾನರಿಗೆ ಈ ಭಾಗ ಓದಿ ಹೇಳಿ.

ರಾಜ್ಯಗಳ ಸರಣಿ ಮುಗಿದ ಮೇಲೆ 2010ರಿಂದ 2021ರವರೆಗೆ ಇನ್ನೊಂದು ಬಂತು. ಅದರಲ್ಲಿ ಪ್ರತಿ ರಾಜ್ಯಕ್ಕೂ ಒಂದು ರಾಷ್ಟ್ರೀಯ ಉದ್ಯಾನವೋ, ಕಾಡೋ, ಚಾರಿತ್ರಿಕ ಜಾಗವೋ. ಒಟ್ಟು 56 ನಾಣ್ಯ. 50 ರಾಜ್ಯ, ರಾಜಧಾನಿ ಪ್ರದೇಶ, ಮತ್ತೆ ಐದು ದ್ವೀಪ ಪ್ರದೇಶಗಳು. ನಿಮ್ಮ ಡಬ್ಬಿಯಲ್ಲಿ ಈ ಎರಡೂ ಸರಣಿ ಬೆರೆತಿರುವ ಹಾಗೆ ಕಾಣುತ್ತದೆ. ಹುಡುಗನಿಗೆ ಮೊದಲು ಅವನ್ನು ಎರಡು ಗುಂಪು ಮಾಡಲು ಹೇಳಿ. ಇಸವಿ ನೋಡಿದರೆ ಸಾಕು.

ಇನ್ನು ಚಿತ್ರಗಳ ವಿಷಯ. ನನಗೆ ಇದೇ ಇಷ್ಟದ ಭಾಗ. ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಕಾಲು ಡಾಲರ್ ನಾಣ್ಯದ ಅಗಲ 24.26 ಮಿಲಿಮೀಟರ್. ನಮ್ಮ 10 ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದು. ಅದರಲ್ಲಿ ಸುತ್ತ ಅಕ್ಷರಗಳಿಗೆ ಜಾಗ ಬಿಡಬೇಕು. ಚಿತ್ರ ತುಂಬಾ ಉಬ್ಬುವ ಹಾಗಿಲ್ಲ, ಯಾಕೆಂದರೆ ಅಂಚು ಚಿತ್ರಕ್ಕಿಂತ ಎತ್ತರ ಇದ್ದರೆ ಮಾತ್ರ ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಲು ಆಗುತ್ತದೆ. ಜೊತೆಗೆ ಒಂದೇ ಏಟಿಗೆ ಅಚ್ಚು ಬೀಳಬೇಕು. ಕೋಟಿಗಟ್ಟಲೆ ಮಾಡುವಾಗ ಎರಡು ಮೂರು ಏಟು ಹಾಕುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಬಣ್ಣ ಇಲ್ಲ. ದೂರ, ಹತ್ತಿರ ಅನ್ನುವುದನ್ನು ಕೂದಲೆಳೆಯಷ್ಟು ಏರಿಳಿತದಲ್ಲೇ ತೋರಿಸಬೇಕು. ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಒಬ್ಬ ಕಲಾವಿದ ಒಂದು ಕಣಿವೆಯನ್ನು ಕಣಿವೆ ಅಂತ ಅನ್ನಿಸುವ ಹಾಗೆ ಮಾಡಿದರೆ ಅದು ಸಣ್ಣ ಕೆಲಸವಲ್ಲ.

ಎಲ್ಲರೂ ಗೆದ್ದಿಲ್ಲ. ಅರ್ಕಾನ್ಸಾಸ್ ರಾಜ್ಯದ 2003ರ ನಾಣ್ಯ ನಿಮ್ಮಲ್ಲಿದ್ದರೆ ನೋಡಿ. ವಜ್ರ, ಭತ್ತದ ತೆನೆ, ಬಾತುಕೋಳಿ, ಕೆರೆ, ಎಲ್ಲವನ್ನೂ ತುರುಕಿದ್ದಾರೆ. ಮದುವೆ ಮನೆಯ ಎಲೆ ಥರ, ಯಾವುದಕ್ಕೆ ಮೊದಲು ಕೈ ಹಾಕಬೇಕೋ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಒರೆಗಾನ್‌ನ 2005ರ ನಾಣ್ಯ ಇಟ್ಟು ನೋಡಿ. ಕ್ರೇಟರ್ ಲೇಕ್ ಒಂದೇ. ಕುಸಿದ ಜ್ವಾಲಾಮುಖಿಯ ಬಾಯಲ್ಲಿ ತುಂಬಿಕೊಂಡ ಸರೋವರ, ನಡುವೆ ಪುಟ್ಟ ದ್ವೀಪ, ಹಿಂದೆ ಶಿಖರಗಳು, ಮುಂದೆ ಮರಗಳು. ನೀರಿಗೆ ಜಾಗ ಬಿಟ್ಟಿದ್ದಾರೆ. ಖಾಲಿ ಬಿಡಲು ಧೈರ್ಯ ಬೇಕು. ನನಗೆ ಆ ಸರಣಿಯಲ್ಲಿ ಇದಕ್ಕಿಂತ ಚೆನ್ನಾಗಿರುವ ನಿಸರ್ಗ ಚಿತ್ರ ಕಂಡಿಲ್ಲ.

ಒಂದೇ ಜಾಗ ಎರಡು ನಾಣ್ಯದಲ್ಲಿ ಬಂದಿರುವುದೂ ಉಂಟು. ಗ್ರ್ಯಾಂಡ್ ಕ್ಯಾನ್ಯನ್ 2008ರಲ್ಲಿ ಅರಿಜೋನಾ ರಾಜ್ಯದ ನಾಣ್ಯದಲ್ಲಿ ಬಂತು. ಅದರಲ್ಲಿ ಕಣಿವೆಯೂ ಇದೆ, ಎತ್ತರದ ಸಗ್ವಾರೋ ಕಳ್ಳಿಯೂ ಇದೆ. ಆದರೆ ಆ ಕಳ್ಳಿ ಆ ಕಣಿವೆಯಲ್ಲಿ ಬೆಳೆಯುವುದಿಲ್ಲ. ಅದಕ್ಕೇ ಎರಡರ ನಡುವೆ ಒಂದು ಪಟ್ಟಿ ಹಾಕಿ ಬೇರೆ ಮಾಡಿದ್ದಾರೆ. 2010ರಲ್ಲಿ ಉದ್ಯಾನಗಳ ಸರಣಿಯಲ್ಲಿ ಅದೇ ಕಣಿವೆ ಮತ್ತೆ ಬಂತು. ಈ ಸಲ ಬಂಡೆಯ ಎತ್ತರದಲ್ಲಿರುವ, ಕಾಳು ತುಂಬಿಡುತ್ತಿದ್ದ ಹಳೆಯ ಕಣಜಗಳು, ಕೆಳಗೆ ದೂರದಲ್ಲಿ ಕೊಲೊರಾಡೋ ನದಿ. ಯೊಸೆಮಿಟಿ ಉದ್ಯಾನಕ್ಕೂ ಹಾಗೆಯೇ. ಕ್ಯಾಲಿಫೋರ್ನಿಯಾದ 2005ರ ನಾಣ್ಯದಲ್ಲಿ ಹಾಫ್ ಡೋಮ್ ಬಂಡೆ, ಅದನ್ನು ನೋಡುತ್ತ ನಿಂತ ನಿಸರ್ಗಪ್ರೇಮಿ ಲೇಖಕ ಜಾನ್ ಮ್ಯೂರ್, ಮೇಲೆ ಹಾರುವ ಕಾಂಡರ್ ರಣಹದ್ದು. 2010ರದ್ದರಲ್ಲಿ ಎಲ್ ಕ್ಯಾಪಿಟನ್ ಬಂಡೆ. ಈ ಎರಡು ಜೋಡಿ ಸಿಕ್ಕರೆ ಮೊಮ್ಮಗನಿಗೆ ‘ಯಾವುದು ಚೆನ್ನಾಗಿದೆ, ಯಾಕೆ’ ಅಂತ ಕೇಳಿ. ಡ್ರಾಯಿಂಗ್ ಕ್ಲಾಸಿಗೆ ಫೀಸು ಕಟ್ಟುವುದಕ್ಕಿಂತ ಅದು ವಾಸಿ.

1788 ಅಂತ ಇರುವ ನಿಮ್ಮ ನಾಣ್ಯ ಯಾವ ರಾಜ್ಯದ್ದು ಅಂತ ನೀವು ಬರೆದಿಲ್ಲ. ಆ ವರ್ಷ ಎಂಟು ರಾಜ್ಯ ಸೇರಿದ್ದವು. ಅದು ನ್ಯೂ ಹ್ಯಾಂಪ್‌ಶೈರ್ ಆಗಿದ್ದರೆ ಜೋಪಾನ ಮಾಡಿ. ದುಡ್ಡಿಗಾಗಿ ಅಲ್ಲ. ಅದರ ಮೇಲೆ ಬೆಟ್ಟದ ತುದಿಯಲ್ಲಿ ಮುದುಕನ ಮುಖದಂತೆ ಕಾಣುವ ಒಂದು ಬಂಡೆ ಇದೆ. ಅದು ಆ ರಾಜ್ಯದವರ ಗುರುತೇ ಆಗಿತ್ತು. ನಾಣ್ಯ ಬಂದದ್ದು 2000ದಲ್ಲಿ. 2003ರ ಮೇ 3ರಂದು ಆ ಬಂಡೆ ಕುಸಿದುಬಿತ್ತು. ನೀರು ಒಳಗೆ ಸೇರಿ, ಹಿಮವಾಗಿ, ಕರಗಿ, ವರ್ಷಾನುಗಟ್ಟಲೆ ಬಿರುಕು ದೊಡ್ಡದಾಗುತ್ತ ಹೋಗಿತ್ತು. ಕಬ್ಬಿಣದ ಸರಳು ಹಾಕಿ ಹಿಡಿದಿಟ್ಟಿದ್ದರೂ ನಿಲ್ಲಲಿಲ್ಲ. ಈಗ ಬೆಟ್ಟದ ಮೇಲೆ ಮುಖ ಇಲ್ಲ. ಚಿಲ್ಲರೆಯಲ್ಲಿ ಮಾತ್ರ ಇದೆ.

ಬೇರೆ ದೇಶದವರೂ ಈ ದಾರಿ ಹಿಡಿದಿದ್ದಾರೆ. ಕೆನಡಾ 1992ರಲ್ಲೇ ತನ್ನ ಪ್ರಾಂತ್ಯಗಳ ಹನ್ನೆರಡು ಚಿತ್ರಗಳನ್ನು 25 ಸೆಂಟ್ ನಾಣ್ಯದಲ್ಲಿ ತಂದಿತ್ತು. ಜರ್ಮನಿ 2006ರಿಂದ ವರ್ಷಕ್ಕೊಂದು ರಾಜ್ಯದ ಕಟ್ಟಡವನ್ನು 2 ಯೂರೋ ನಾಣ್ಯಕ್ಕೆ ಹಾಕಿತು. 2011ರಲ್ಲಿ ಕಲೋನ್‌ನ ದೊಡ್ಡ ಚರ್ಚು, 2012ರಲ್ಲಿ ನೊಯ್‌ಶ್ವಾನ್‌ಸ್ಟೈನ್ ಕೋಟೆ. ಅದನ್ನು ಯೂರೋ ಬಳಸುವ ಯಾವ ದೇಶದಲ್ಲಾದರೂ ಖರ್ಚು ಮಾಡಬಹುದು. ಹಾಗಾಗಿ ಜರ್ಮನಿಯ ಕೋಟೆ ಇಟಲಿಯ ಕಾಫಿ ಅಂಗಡಿಯಲ್ಲಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಲಂಡನ್ನಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ನ ಪಗೋಡಾ ಇರುವ 2009ರ 50 ಪೆನ್ಸ್ ನಾಣ್ಯ ಹೆಸರುವಾಸಿ. ಮಾಡಿದ್ದೇ 2,10,000. ಅದಕ್ಕೆ ಜನ ಇವತ್ತಿಗೂ ಚಿಲ್ಲರೆ ಎಣಿಸುವಾಗ ಕಣ್ಣಾಡಿಸುತ್ತಾರೆ.

ಈಗ ಬೆಲೆಯ ಮಾತು. ನಿಮ್ಮ ಡಬ್ಬಿಯಲ್ಲಿರುವ ನಾಣ್ಯಗಳ ಬೆಲೆ, ಬಹುಪಾಲು, ಕಾಲು ಡಾಲರ್. ಅಷ್ಟೇ. ರಾಜ್ಯಗಳ ಸರಣಿಯಲ್ಲಿ ಮಾಡಿದ ನಾಣ್ಯ ಒಟ್ಟು 3,400 ಕೋಟಿಗೂ ಜಾಸ್ತಿ. ಅಷ್ಟು ಇರುವ ವಸ್ತು ದುಬಾರಿ ಆಗುವುದು ಹೇಗೆ? ಇಲ್ಲಿ ಹಣ ಬದಲಾಯಿಸುವವರು ಸಾಮಾನ್ಯವಾಗಿ ವಿದೇಶಿ ನೋಟು ತೆಗೆದುಕೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ. ಹಾಗಾಗಿ ಇವನ್ನು ಮಾರುವ ಯೋಚನೆ ಬಿಡಿ. ಹಾಗಂತ ಒಂದೆರಡು ಕಡೆ ಮಾತ್ರ ಕಣ್ಣಿಡಿ.

ವಿಸ್ಕಾನ್ಸಿನ್ ರಾಜ್ಯದ 2004ರ ನಾಣ್ಯದಲ್ಲಿ ಹಸುವಿನ ತಲೆ, ಚೀಸ್, ಮೆಕ್ಕೆಜೋಳದ ತೆನೆ ಇದೆ. ಹಾಲಿನ ಡೇರಿ, ಮೆಕ್ಕೆಜೋಳ ಅಂದರೆ ನಮ್ಮ ಜಿಲ್ಲೆಯವರಿಗೂ ಅದು ಪರಿಚಿತ ನಾಣ್ಯವೇ ಅನ್ನಿ. ಡೆನ್ವರ್ ಟಂಕಸಾಲೆಯಲ್ಲಿ ಅಚ್ಚಾದ ಕೆಲವಕ್ಕೆ ತೆನೆಯ ಎಡಗಡೆ ಒಂದು ಎಲೆ ಜಾಸ್ತಿ ಬಿದ್ದಿದೆ. ಅಂಥದ್ದಕ್ಕೆ ಮುಖಬೆಲೆಗಿಂತ ಎಷ್ಟೋ ಪಟ್ಟು ಕೊಡುವವರಿದ್ದಾರೆ. ಡೆನ್ವರಿನದಾದರೆ ವಾಷಿಂಗ್ಟನ್ ಮುಖ ಇರುವ ಬದಿಯಲ್ಲಿ, ತಲೆಯ ಹಿಂದೆ ಜುಟ್ಟಿನ ಹತ್ತಿರ ಪುಟ್ಟ ‘ಡಿ’ ಅಕ್ಷರ ಇರುತ್ತದೆ. ಫಿಲಡೆಲ್ಫಿಯಾದ್ದಾದರೆ ‘ಪಿ’. 2019 ಮತ್ತು 2020ರ ಉದ್ಯಾನದ ನಾಣ್ಯಗಳಲ್ಲಿ ಅದೇ ಜಾಗದಲ್ಲಿ ‘ಡಬ್ಲ್ಯು’ ಇದ್ದರೆ ಅದು ವೆಸ್ಟ್ ಪಾಯಿಂಟ್ ಟಂಕಸಾಲೆಯದು. ಒಂದೊಂದು ಚಿತ್ರಕ್ಕೆ 20 ಲಕ್ಷದಂತೆ ಮಾತ್ರ ಮಾಡಿ, ಬೇಕಂತಲೇ ಸಾಮಾನ್ಯ ಚಿಲ್ಲರೆಯ ಜೊತೆ ಬೆರೆಸಿ ಬಿಟ್ಟರು. ಜನ ಮತ್ತೆ ಜೇಬು ತಡಕಲಿ ಅಂತ.

ಇನ್ನೊಂದು ಪರೀಕ್ಷೆ ಸುಲಭ. ನಾಣ್ಯದ ಅಂಚನ್ನು ನೋಡಿ. ಅಲ್ಲಿ ತಾಮ್ರದ ಕೆಂಪು ಗೆರೆ ಕಂಡರೆ ಅದು ಸಾಮಾನ್ಯ ನಾಣ್ಯ. ಒಳಗೆ ತಾಮ್ರ, ಮೇಲೆ ತಾಮ್ರ-ನಿಕಲ್ ಹೊದಿಕೆ. ಗೆರೆ ಇಲ್ಲದೆ ಪೂರಾ ಬೆಳ್ಳಗಿದ್ದು, ‘ಎಸ್’ ಅಕ್ಷರ ಇದ್ದರೆ ಅದು ಸಂಗ್ರಾಹಕರಿಗಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದ ಬೆಳ್ಳಿ ನಾಣ್ಯ. ಚಿಲ್ಲರೆಯಲ್ಲಿ ಅದು ಸಿಗುವುದು ಅಪರೂಪ. ಆದರೂ ಯಾರದೋ ಮನೆಯ ಮಗು ಅಪ್ಪನ ಸೆಟ್ ಒಡೆದು ಐಸ್‌ಕ್ರೀಮ್ ತಿಂದಿರುವ ಸಾಧ್ಯತೆ ಎಲ್ಲ ದೇಶದಲ್ಲೂ ಇರುತ್ತದೆ.

ಬೆಲೆಯ ಮಾತು ಬಂದಾಗ ಒಂದು ಎಚ್ಚರಿಕೆ. ‘ವೈಷ್ಣೋದೇವಿ ನಾಣ್ಯ ಇದೆಯಾ, ಹತ್ತು ಲಕ್ಷ ಕೊಡುತ್ತೇವೆ’ ಅನ್ನುವ ಮೆಸೇಜು ನಿಮಗೂ ಬಂದಿರಬೇಕು. 2012ರಲ್ಲಿ ಬಂದ ಆ 5 ಮತ್ತು 10 ರೂಪಾಯಿ ನಾಣ್ಯ ಚಲಾವಣೆಯದ್ದೇ. ಅದಕ್ಕೆ ಲಕ್ಷಗಟ್ಟಲೆ ಯಾರೂ ಕೊಡುವುದಿಲ್ಲ. ಮೊದಲು ನಿಮ್ಮಿಂದಲೇ ಕಮಿಷನ್, ತೆರಿಗೆ, ನೋಂದಣಿ ಶುಲ್ಕ ಅಂತ ಕೀಳುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ತನ್ನ ಹೆಸರು, ಮುದ್ರೆ ಬಳಸಿಕೊಂಡು ಹೀಗೆ ಮೋಸ ಮಾಡುತ್ತಿದ್ದಾರೆ, ತಾನು ಇಂಥ ವ್ಯವಹಾರ ಮಾಡುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿತ್ತು. ಹಳೆ ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಇಷ್ಟು ನೆನಪಿದ್ದರೆ ಸಾಕು.

ನಮ್ಮ ದೇಶದ ನಾಣ್ಯಗಳ ಬಗ್ಗೆ ಕೇಳಿದ್ದೀರಿ. ಸಂಗ್ರಹ ಮಾಡಬಹುದು, ಆದರೆ ಬೇರೆ ಥರ. ನಮ್ಮಲ್ಲಿ ಸ್ಮರಣಾರ್ಥ ನಾಣ್ಯ ಶುರುವಾದದ್ದು 1964ರಲ್ಲಿ, ನೆಹರೂ ತೀರಿಕೊಂಡ ಮೇಲೆ. ಅಲ್ಲಿಂದ ಇಲ್ಲಿಯವರೆಗೆ ಜಾಸ್ತಿ ಬಂದಿರುವುದು ಮಹನೀಯರ ಮುಖಗಳು, ಸಂಸ್ಥೆಗಳ ಲಾಂಛನಗಳು. ನಮ್ಮ ಬಸವಣ್ಣನವರೂ 2006ರಲ್ಲಿ 5 ರೂಪಾಯಿ ನಾಣ್ಯದಲ್ಲಿ ಬಂದರು. ಬೆಟ್ಟ, ಗುಡ್ಡ, ಊರು ಅಂತ ಕ್ರಮವಾಗಿ ತಂದ ಸರಣಿ ಇಲ್ಲ. ಆ ಭಾಗ್ಯ ನಮ್ಮಲ್ಲಿ ನೋಟುಗಳಿಗೆ ಸಿಕ್ಕಿದೆ. ಈಗಿನ 50 ರೂಪಾಯಿ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ, 10ರ ಹಿಂದೆ ಕೋಣಾರ್ಕ, 20ರ ಹಿಂದೆ ಎಲ್ಲೋರಾ, 100ರ ಹಿಂದೆ ರಾಣಿ ಕಿ ವಾವ್, 200ರ ಹಿಂದೆ ಸಾಂಚಿ. ನಾಣ್ಯಕ್ಕೆ ಯಾಕೆ ಈ ಆಸಕ್ತಿ ತೋರಿಸಲಿಲ್ಲ ಅನ್ನುವುದು ನನ್ನ ಹಳೆಯ ಕೊರಗು.

ಆದರೂ ಹುಡುಕಿದರೆ ಜಾಗಗಳು ಸಿಗುತ್ತವೆ. ಹಳೆ ಸ್ಟೀಲಿನ 50 ಪೈಸೆ ಮನೆಯಲ್ಲೇ ಎಲ್ಲೋ ಬಿದ್ದಿರುತ್ತದೆ, ಅದರ ಹಿಂದೆ ದುಂಡಗಿನ ಸಂಸತ್ ಭವನ ಇದೆ. ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ 1997ರಲ್ಲಿ ಬಂದ 50 ಪೈಸೆಯಲ್ಲಿ ದಂಡಿ ಯಾತ್ರೆ ಇದೆ. ಅದೇ ವರ್ಷದ 1 ರೂಪಾಯಿಯಲ್ಲಿ ಅಂಡಮಾನಿನ ಸೆಲ್ಯುಲರ್ ಜೈಲು. 2010ರ 5 ರೂಪಾಯಿಯಲ್ಲಿ ತಂಜಾವೂರಿನ ಬೃಹದೀಶ್ವರ ದೇವಸ್ಥಾನ, ಸಾವಿರ ವರ್ಷ ತುಂಬಿದ ನೆನಪಿಗೆ. 2012ರಲ್ಲಿ ಸಂಸತ್ತಿಗೆ ಅರವತ್ತು ಅಂತ 5 ಮತ್ತು 10 ರೂಪಾಯಿ. ಪ್ರಾಣಿ ಬೇಕು ಅಂದರೆ ಘೇಂಡಾಮೃಗ ಇರುವ ಸ್ಟೀಲಿನ 25 ಪೈಸೆ. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು ಚಲಾವಣೆಯಿಂದ ಹೋದವು. ಹಾಗಾಗಿ ಅದು ಈಗ ದುಡ್ಡಲ್ಲ, ಬರೀ ಘೇಂಡಾಮೃಗ. 50 ಪೈಸೆ ಮಾತ್ರ ಕಾನೂನಿನ ಪ್ರಕಾರ ಇನ್ನೂ ನಡೆಯುತ್ತದೆ, ಕೊಡಲು ಹೋಗಿ ನಗೆಪಾಟಲಾಗಬೇಡಿ ಅಷ್ಟೇ.

ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ 2023ರಲ್ಲಿ ಬಂತಲ್ಲ, ಅದನ್ನು ಈ ಪಟ್ಟಿಗೆ ಸೇರಿಸುವುದಿಲ್ಲ. ಅದು 44 ಮಿಲಿಮೀಟರ್ ಅಗಲದ, ಅರ್ಧ ಬೆಳ್ಳಿ ಇರುವ, ಟಂಕಸಾಲೆಯಿಂದ ಜಾಸ್ತಿ ಬೆಲೆ ಕೊಟ್ಟು ಕೊಳ್ಳಬೇಕಾದ ನಾಣ್ಯ. ಚೆಂದ ಇದೆ. ಆದರೆ ಅದನ್ನು ಯಾವ ಬಸ್ ಕಂಡಕ್ಟರೂ ನಿಮ್ಮ ಕೈಗೆ ಹಾಕುವುದಿಲ್ಲ. ನಾನು ಚಲಾವಣೆಯ ನಾಣ್ಯದ ಕಡೆಯವನು.

ನಮ್ಮ ನಂದಿಬೆಟ್ಟ ನಾಣ್ಯದ ಮೇಲೆ ಬಂದರೆ ಹೇಗಿರಬಹುದು ಅಂತ ಆಗಾಗ ಯೋಚಿಸುತ್ತೇನೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಜನ ಓಡಿಬರುವುದು ಮಂಜಿಗೆ. ಮಂಜನ್ನು ಲೋಹದಲ್ಲಿ ಅಚ್ಚು ಹಾಕಲು ಆಗುವುದಿಲ್ಲ. ಮಂಜು ತೆಗೆದರೆ ಉಳಿಯುವುದು ಮಲಗಿದ ಬಸವನ ಥರ ಕಾಣುವ ಬೆಟ್ಟದ ಗೆರೆ. ಅದು ಚೆನ್ನಾಗಿ ಬರುತ್ತದೆ. ಅದಕ್ಕಿಂತ ಚೆನ್ನಾಗಿ ಬರುವುದು ಕೆಳಗಿನ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ. ಸಾಲು ಸಾಲು ಮೆಟ್ಟಿಲು, ನೇರ ಗೆರೆ, ಬೆಳಕು ನೆರಳು. ಟಂಕಸಾಲೆಯ ಕಲಾವಿದನಿಗೆ ಹೇಳಿ ಮಾಡಿಸಿದ ವಿಷಯ. ಮೊಮ್ಮಗನಿಗೆ ಒಂದು ಕಾಗದದಲ್ಲಿ ಬಳೆಯಿಂದ ವೃತ್ತ ಎಳೆದುಕೊಟ್ಟು ಅವನ ಇಷ್ಟದ ಜಾಗ ಬರೆಯಲು ಹೇಳಿ. ಗುಡಿಬಂಡೆ ಕೋಟೆಯಿಂದ ಕಾಣುವ ಕೆರೆ ಬರೆದರೂ ಆಯಿತು, ಅದು ಭಾರತದ ಭೂಪಟದ ಹಾಗಿದೆ ಅಂತ ಜನ ಹೇಳುತ್ತಾರಲ್ಲ. ಏನು ಬಿಡಬೇಕು ಅನ್ನುವುದೇ ಕಷ್ಟ ಅಂತ ಅವನಿಗೇ ಗೊತ್ತಾಗುತ್ತದೆ.

ಹುಡುಕುವುದು ಎಲ್ಲಿ? ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು ಶುರುವಾದ ಮೇಲೆ ಚಿಲ್ಲರೆ ಕೈಗೆ ಬರುವುದೇ ಕಡಿಮೆ. ಇನ್ನೂ ಸಿಗುವ ಜಾಗ ಅಂದರೆ ಬಸ್ಸು, ಸಂತೆ, ಹೂವಿನ ಅಂಗಡಿ, ದೇವಸ್ಥಾನದ ಮಂಗಳಾರತಿ ತಟ್ಟೆ. ಪರಿಚಯದ ಅರ್ಚಕರಿದ್ದರೆ ನೋಟು ಕೊಟ್ಟು ಚಿಲ್ಲರೆ ಬದಲಾಯಿಸಿಕೊಳ್ಳಿ, ಅವರಿಗೂ ಅನುಕೂಲ. 10 ರೂಪಾಯಿ ನಾಣ್ಯವನ್ನು ‘ಇದು ನಡೆಯಲ್ಲ’ ಅಂತ ಯಾರಾದರೂ ತಳ್ಳಿದರೆ ಖುಷಿಯಿಂದ ತೆಗೆದುಕೊಳ್ಳಿ. 10 ರೂಪಾಯಿಯ 14 ಬೇರೆ ಬೇರೆ ಚಿತ್ರದ ನಾಣ್ಯಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಬೇರೆಯವರ ಅನುಮಾನ ನಮಗೆ ಲಾಭ.

ಇಸವಿಯ ಕೆಳಗಿನ ಗುರುತನ್ನೂ ನೋಡಲು ಕಲಿಸಿ. ದುಂಡು ಚುಕ್ಕೆ ಇದ್ದರೆ ನೋಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದ ಆಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ಚಿತ್ರ ನಾಲ್ಕು ಕಡೆಯದು ಸಿಕ್ಕಿದರೆ ಅದೇ ಒಂದು ಪುಟ್ಟ ಸರಣಿ.

ಇಟ್ಟುಕೊಳ್ಳುವುದರಲ್ಲಿ ಒಂದೇ ಒಂದು ಕಟ್ಟುನಿಟ್ಟು. ಹುಣಸೆಹಣ್ಣು, ನಿಂಬೆರಸ, ಸಬೀನಾ ಪುಡಿ, ಯಾವುದರಿಂದಲೂ ಉಜ್ಜಬೇಡಿ. ದೇವರ ದೀಪ ಹೊಳೆಯಲಿ, ನಾಣ್ಯ ಬೇಡ. ಉಜ್ಜಿದ ನಾಣ್ಯದ ಮೇಲೆ ಕಣ್ಣಿಗೆ ಕಾಣದ ಸಾವಿರ ಗೀರು ಬೀಳುತ್ತವೆ, ಸಂಗ್ರಾಹಕರು ಅದನ್ನು ನೋಡಿದ ಕೂಡಲೇ ಪಕ್ಕಕ್ಕಿಡುತ್ತಾರೆ. ಅಂಟಂಟಾಗುವ ಮೆತ್ತನೆಯ ಪಿವಿಸಿ ಕವರಿನಲ್ಲೂ ಇಡಬೇಡಿ, ವರ್ಷ ಕಳೆದರೆ ಹಸಿರು ಪಾಚಿಯಂಥದ್ದು ಕೂರುತ್ತದೆ. ನಾಣ್ಯ ಇಡಲೆಂದೇ ಸಿಗುವ ರಟ್ಟಿನ ಚೌಕಗಳು ಅಗ್ಗ. ಸವೆದ ನಾಣ್ಯವನ್ನು ಎಸೆಯಬೇಡಿ. ಉಬ್ಬಿದ ಭಾಗ ಮೊದಲು ಸವೆಯುವುದರಿಂದ ಬೆಟ್ಟದ ತುದಿ ನುಣುಪಾಗಿದ್ದರೆ ಅದು ತುಂಬ ಕೈ ದಾಟಿ ಬಂದಿದೆ ಅಂತ ಅರ್ಥ. ಒಳ್ಳೆಯದು ಸಿಗುವವರೆಗೆ ಅದೇ ಆ ಖಾನೆಯಲ್ಲಿ ಇರಲಿ.

ಮಗಳು ಮತ್ತೆ ಬರುವಾಗ ಡಬ್ಬಿಗಟ್ಟಲೆ ತರಬೇಕಿಲ್ಲ. ಮೊಮ್ಮಗನ ಕೈಲಿ ಯಾವುದಿದೆ, ಯಾವುದಿಲ್ಲ ಅಂತ ಎರಡು ಪಟ್ಟಿ ಬರೆಸಿ, ಇಲ್ಲದ್ದರ ಫೋಟೋ ತೆಗೆದು ಅವಳಿಗೆ ಕಳುಹಿಸಿ. ಒಂದೇ ಥರದ್ದು ಎರಡು ಮೂರು ಇದ್ದರೆ ಅವನ್ನು ಬೇರೆ ಇಡಿ, ಸ್ಕೂಲಿನಲ್ಲಿ ಇನ್ಯಾರಿಗಾದರೂ ಅಮೆರಿಕದ ನಂಟರಿದ್ದರೆ ಬದಲಾಯಿಸಿಕೊಳ್ಳಲು ಬರುತ್ತದೆ. ವಿಸ್ಕಾನ್ಸಿನ್ ನಾಣ್ಯ ಇದ್ದರೆ ಮಾತ್ರ ಭೂತಗನ್ನಡಿಯಲ್ಲಿ ಎಲೆ ಎಣಿಸುವವರೆಗೆ ಯಾರಿಗೂ ಕೊಡಬೇಡಿ.